ರಕ್ತದ ಮಾತು, ಬಯಲಿನ ಮಾತು

ತಾಲ್ಲೂಕು ಮಟ್ಟದ ಕ್ರೀಡಾಕೂಟ ಇಂಡಿಯಲ್ಲಿ ನಡೆಯಲಿ, ಸಿಂದಗಿಯಲ್ಲಿ ನಡೆಯಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ನಡೆಯಲಿ, ಪೆಂಡಾಲಿನ ನೆರಳಿನಲ್ಲಿ ಕುಳಿತವರ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: "ಅದು ರಕ್ತದಾಗ ಬರಬೇಕ್ರಿ. ಕೊಡಗಿನವ್ರಿಗೆ ಹಾಕಿ ಬಂದೈತಿ, ಬೆಂಗಳೂರು ದಂಡಿನ ಹುಡುಗೋರಿಗೆ ಫುಟ್‌ಬಾಲ್ ಬಂದೈತಿ. ನಮ್ಮ ಹುಡುಗೋರಿಗೆ ಎಲ್ಲಿಂದ ಬರಬೇಕು?" ಹೀಗೆ ಹೇಳುವವರು ದುಷ್ಟರೇನಲ್ಲ. ಎಷ್ಟೋ ಸಲ ನಮ್ಮ ಮಾಸ್ತರರೇ ಹೇಳುತ್ತಾರೆ, ನಮ್ಮ ಅಪ್ಪಂದಿರೇ ಹೇಳುತ್ತಾರೆ. ಆದರೂ ಈ ಮಾತನ್ನು ನಾವು ಸುಮ್ಮನೆ ಬಿಡುವಂತಿಲ್ಲ. ಯಾಕೆಂದರೆ 'ಹುಟ್ಟಿನಿಂದ ಬಂದದ್ದು' ಎಂಬ ಇದೇ ಮಾತಿನ ಬಲದಿಂದ ಈ ದೇಶದಲ್ಲಿ ಒಬ್ಬನ ಕೈಗೆ ಪುಸ್ತಕ, ಒಬ್ಬನ ಕೈಗೆ ತಕ್ಕಡಿ, ಒಬ್ಬನ ಕೈಗೆ ಕಸಬರಿಗೆ ಕೊಟ್ಟು ಸಾವಿರಾರು ವರ್ಷ ಕೂರಿಸಲಾಯಿತು.

ಸಾಹಿತ್ಯ ಓದಿದವರಿಗೆ ಈ ಮಾತಿನ ಗುರುತು ಬೇಗ ಸಿಗುತ್ತದೆ. ಕವಿಗೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಬೇಕೆಂದು ಸಂಸ್ಕೃತ ಕಾವ್ಯಮೀಮಾಂಸೆ ಹೇಳಿತು. ಅದರಲ್ಲಿ ಪ್ರತಿಭೆಗೆ ಮೊದಲ ಮಣೆ ಹಾಕಿತು, ಅದು ಹಿಂದಿನ ಜನ್ಮದ ಸಂಸ್ಕಾರದಿಂದ ಬರುವುದು ಎಂದೂ ಹೇಳಿತು. ಹಿಂದಿನ ಜನ್ಮದ ಲೆಕ್ಕ ಯಾರ ಕಡತದಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಲಿತರು ಬರೆಯಲು ಹೊರಟಾಗ 'ಇವರಲ್ಲಿ ಸಿಟ್ಟಿದೆ, ಪ್ರತಿಭೆ ಇಲ್ಲ' ಎಂದವರಿದ್ದರು. ನೌಕರಿಯ ಪ್ರಶ್ನೆ ಬಂದಾಗ ಇದೇ ಪ್ರತಿಭೆ 'ಮೆರಿಟ್' ಆಯಿತು. ಆಟದ ಬಯಲಿಗೆ ಬಂದಾಗ 'ಟ್ಯಾಲೆಂಟ್' ಆಗಿದೆ. ಅಂಗಿ ಬೇರೆ ಬೇರೆ, ಮೈ ಒಂದೇ.

ಕೆಲವು ಸಮುದಾಯಗಳಿಂದ ಹೆಚ್ಚು ಆಟಗಾರರು ಬರುತ್ತಾರೆ, ಕೆಲವುಗಳಿಂದ ಬರುವುದಿಲ್ಲ. ಇದು ಕಣ್ಣಿಗೆ ಕಾಣುವ ನಿಜ, ಇಲ್ಲ ಎನ್ನುವುದು ಮೊಂಡುತನ. ನಮ್ಮ ಪ್ರಶ್ನೆ ಇರುವುದು ಕಾರಣದ ಬಗ್ಗೆ. ಕಾರಣ ರಕ್ತವೋ, ಬೇರೆಯೋ?

ರಕ್ತದ ಮಾತನ್ನು ಒಮ್ಮೆ ಭಾರತ ಸರ್ಕಾರವೇ ನಂಬಿ ಪರೀಕ್ಷೆಗೆ ಇಟ್ಟಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಬಹಳ ಮಂದಿಯನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದದ್ದು. ೧೯೮೭ರ ಹೊತ್ತಿಗೆ, ಮಾರ್ಗರೇಟ್ ಆಳ್ವಾ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ 'ವಿಶೇಷ ಪ್ರದೇಶ ಕ್ರೀಡಾ ಯೋಜನೆ'ಯಲ್ಲಿ ಈ ಸಿದ್ದಿ ಮಕ್ಕಳನ್ನು ಆರಿಸಿಕೊಂಡಿತು. ಹಿಂದಿದ್ದ ಲೆಕ್ಕಾಚಾರ ಸರಳ: ಆಫ್ರಿಕಾದವರು ಒಲಿಂಪಿಕ್ಕಿನಲ್ಲಿ ಓಡುತ್ತಾರೆ, ಇವರದೂ ಅದೇ ರಕ್ತ, ಇವರೂ ಓಡಲೇಬೇಕು.

ಮಕ್ಕಳು ಓಡಿದರು, ಅದೂ ಚೆನ್ನಾಗಿ ಓಡಿದರು. ಕೆಲವೇ ವರ್ಷಗಳಲ್ಲಿ ಹಲವರು ರಾಷ್ಟ್ರಮಟ್ಟದಲ್ಲಿ ಪದಕ ತಂದರು. ರಕ್ತದವರು 'ನೋಡಿರಿ, ನಾವು ಹೇಳಲಿಲ್ಲವೇ' ಎಂದರು. ಆದರೆ ೧೯೯೦ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಿ ಮಕ್ಕಳ ಆ ತರಬೇತಿಯನ್ನು ನಿಲ್ಲಿಸಿಬಿಟ್ಟರು. ಬಹುಪಾಲು ಮಕ್ಕಳು ಊರಿಗೆ ಮರಳಿದರು. ಕೆಲವರಿಗೆ ಆಟದ ಕೋಟಾದಲ್ಲಿ ನೌಕರಿ ಸಿಕ್ಕಿತು, ಉಳಿದವರಿಗೆ ಸಿಕ್ಕಿದ್ದು ಹೊಲದ ಕೂಲಿ. ಮುಂದಿನ ಪೀಳಿಗೆಯಲ್ಲಿ ಪದಕಗಳ ಸುದ್ದಿ ಅಡಗಿತು.

ಇಲ್ಲಿ ನಿಂತು ವಿಚಾರ ಮಾಡೋಣ. ಯೋಜನೆ ಬರುವ ಮೊದಲೂ ರಕ್ತ ಅದೇ ಇತ್ತು, ಯೋಜನೆ ನಿಂತ ಮೇಲೂ ಅದೇ ಇತ್ತು. ನಡುವಿನ ಆರೇಳು ವರ್ಷ ಇದ್ದು ಆಮೇಲೆ ಇಲ್ಲವಾದದ್ದು ಯಾವುದು? ಹಾಸ್ಟೆಲ್ಲು, ಎರಡು ಹೊತ್ತಿನ ಗಟ್ಟಿ ಊಟ, ಕಾಲಿಗೆ ಬೂಟು, ಕಲಿಸುವ ಮನುಷ್ಯ. ರಕ್ತದ ಮಾತನ್ನು ಸಿದ್ಧಮಾಡಲು ಹೊರಟ ಪ್ರಯೋಗ ಅದನ್ನೇ ಸುಳ್ಳುಮಾಡಿತು. ಇನ್ನೂ ಒಂದು ಮಾತಿದೆ. ಆ ಯೋಜನೆ ಸಿದ್ದಿಗಳ ಕಾಲನ್ನು ನೋಡಿತು, ಮನುಷ್ಯರನ್ನು ನೋಡಲಿಲ್ಲ. ಅದೇ ಜನರನ್ನು ಪರಿಶಿಷ್ಟ ಪಂಗಡ ಎಂದು ಒಪ್ಪಿಕೊಳ್ಳಲು ಸರ್ಕಾರಕ್ಕೆ ೨೦೦೩ರವರೆಗೆ ಸಮಯ ಬೇಕಾಯಿತು.

ಇನ್ನು ಕೊಡಗು. ೧೯೭೨ರ ಮ್ಯೂನಿಕ್ ಒಲಿಂಪಿಕ್ಕಿನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇದ್ದರು. ೧೯೮೦ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ೧೯೯೭ರಲ್ಲಿ ಕರಡ ಗ್ರಾಮದಲ್ಲಿ ೬೦ ಕುಟುಂಬಗಳ ತಂಡಗಳಿಂದ ಶುರುವಾದ ಕೊಡವ ಹಾಕಿ ಹಬ್ಬಕ್ಕೆ ಈಗ ೩೦೦ಕ್ಕೂ ಹೆಚ್ಚು ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಅದರ ಬೇರು ನೋಡಬೇಕು. ಜಮ್ಮಾ ಭೂಮಿ ಇತ್ತು, ಕಾಫಿ ಇತ್ತು, ಮನೆಗೊಬ್ಬರಂತೆ ಸೈನ್ಯದಲ್ಲಿದ್ದರು, ಸೈನ್ಯದಲ್ಲಿ ಹಾಕಿ ಇತ್ತು, ರಜೆಗೆ ಬಂದವನು ಕೋಲು ತಂದು ತಮ್ಮನ ಕೈಗೆ ಕೊಟ್ಟ. ಅದೇ ಮಳೆಯಲ್ಲಿ ನೆನೆದು, ಅದೇ ಗುಡ್ಡ ಹತ್ತಿ, ಅದೇ ತೋಟಗಳಲ್ಲಿ ತಲೆಮಾರುಗಟ್ಟಲೆ ಜೀತ ಮಾಡಿದ ಎರವರು, ಪಣಿಯರು, ಜೇನುಕುರುಬರು ಇದ್ದಾರಲ್ಲ, ಒಲಿಂಪಿಕ್ ಪಟ್ಟಿಯಲ್ಲಿ ಅವರ ಮಕ್ಕಳ ಹೆಸರು ಯಾಕೆ ಕಾಣುವುದಿಲ್ಲ? ಹವೆ ಒಂದೇ, ನೀರು ಒಂದೇ. ಬೇರೆಯಾದದ್ದು ನೆಲದ ಒಡೆತನ.

ಭೂಮಿ ಇಲ್ಲದವರ ಕಡೆಯಿಂದ ಆಟಗಾರರು ಬಂದದ್ದೇ ಇಲ್ಲವೇ ಎಂದು ಕೇಳಬಹುದು. ಬಂದಿದ್ದಾರೆ. ಅದಕ್ಕೆ ಬೆಂಗಳೂರಿನ ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋಗಬೇಕು. ೧೮೦೯ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಕಟ್ಟಿದರು. ದಂಡಿಗೆ ಅಡುಗೆಯವರು, ಕುದುರೆ ಲಾಯದವರು, ಕಸ ತೆಗೆಯುವವರು ಬೇಕಾದರು. ತಮಿಳು ಸೀಮೆಯಿಂದ ಬಂದ ಇಂಥವರಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಬಹಳ. ಅವರ ಮಕ್ಕಳು ಸೋಲ್ಜರುಗಳ ಚೆಂಡಾಟವನ್ನು ಬೇಲಿಯಾಚೆ ನಿಂತು ನೋಡಿದರು, ಆಚೆ ಬಿದ್ದ ಚೆಂಡನ್ನು ಎತ್ತಿ ಒದ್ದರು, ಆಮೇಲೆ ತಾವೇ ಆಡಿದರು. ಫುಟ್‌ಬಾಲಿಗೆ ಬೇಕಾದದ್ದು ಒಂದು ಚೆಂಡು, ಇಪ್ಪತ್ತು ಹುಡುಗರು, ಒಂದು ತುಂಡು ನೆಲ. ಅಷ್ಟು ಅವರಿಗೆ ಸಿಕ್ಕಿತು. ದಂಡಿನ ಮಡಿಲಲ್ಲಿ ಇಂಥ ಆಟ ಬೆಳೆದ ಬೆಂಗಳೂರನ್ನು ನೆಚ್ಚಿಕೊಂಡ ಮೈಸೂರು ತಂಡ ೧೯೪೬-೪೭ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ೧೯೪೮ರ ಲಂಡನ್ ಒಲಿಂಪಿಕ್ಕಿನಲ್ಲಿ ಭಾರತದ ಹುಡುಗರು ಬಹಳ ಮಂದಿ ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಮೇಲೆ ಭಾರತದ ಒಂದೇ ಗೋಲು ಹೊಡೆದವನು ಮೈಸೂರು ರಾಜ್ಯಕ್ಕೆ ಆಡುತ್ತಿದ್ದ ಎಸ್. ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಅದೇ ತಂಡದಲ್ಲಿದ್ದ. ಮುಂದೆ ಕೆಂಪಯ್ಯ ೧೯೫೬ರಲ್ಲಿ, ೧೯೬೦ರಲ್ಲಿ ಒಲಿಂಪಿಕ್ ತಂಡ ಸೇರಿದ. ಗೌತಮಪುರದಲ್ಲಿ ಇವತ್ತಿಗೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಪ್ರತಿಮೆಗಳ ಜೊತೆಗೆ ಬ್ರೆಜಿಲ್ಲಿನ ಪೆಲೆಯ ಪ್ರತಿಮೆ ಇದೆ. ಬಡವರ ಕೇರಿಯಿಂದ ಬಂದ ಕರಿಯ ಆಟಗಾರನನ್ನು ಅಂಬೇಡ್ಕರರ ಪಕ್ಕಕ್ಕೆ ತಂದು ನಿಲ್ಲಿಸಿದ ಆ ಕೇರಿಯ ಜನರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಅಲ್ಲಿಯೂ ಬರೀ ಬಯಲು ಸಾಲಲಿಲ್ಲ. ಬಿನ್ನಿ ಮಿಲ್ಲು, ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳಿಗೆ ತಮ್ಮವೇ ತಂಡಗಳಿದ್ದವು. ಚೆನ್ನಾಗಿ ಆಡಿದ ಹುಡುಗನಿಗೆ ನೌಕರಿ ಸಿಗುತ್ತಿತ್ತು. 'ಆಡಾಕ ಹೋಗಬ್ಯಾಡ' ಎನ್ನುವ ತಾಯಿ 'ಹೋಗು' ಎನ್ನುವುದು ಆಗ. ಕಾರ್ಖಾನೆಗಳು ಆಟದ ನೇಮಕಾತಿಯಿಂದ ಕೈ ತೆಗೆಯುತ್ತ ಬಂದವು. ರಾಷ್ಟ್ರೀಯ ಲೀಗಿನಲ್ಲಿ ಆಡುತ್ತಿದ್ದ ಎಚ್.ಎ.ಎಲ್. ತಂಡ ೨೦೧೧-೧೨ರ ಋತುವಿನೊಂದಿಗೆ ಕೆಳಗಿಳಿಯಿತು. ಈಗ ಫೀಸು ಕಟ್ಟಿ ಕಲಿಯುವ ಅಕಾಡೆಮಿಗಳು ಎದ್ದಿವೆ. ೧೯೬೮-೬೯ರ ನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆಲ್ಲಲು ೨೦೨೩ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಇನ್ನು ನಮ್ಮ ನೆಲಕ್ಕೇ ಬರೋಣ. ಪ್ರತಿಭೆ ಇಲ್ಲ ಎನಿಸಿಕೊಂಡ ಬಿಜಾಪುರ ಸೀಮೆಯ ಮಕ್ಕಳು ಒಂದು ಆಟದಲ್ಲಿ ದೇಶವನ್ನೇ ಹಿಂದೆ ಹಾಕಿದ್ದಾರೆ: ಸೈಕಲ್. ರಾಷ್ಟ್ರೀಯ ಸೈಕಲ್ ಪಂದ್ಯಗಳಿಗೆ ಹೋಗುವ ಕರ್ನಾಟಕ ತಂಡದಲ್ಲಿ ವಿಜಯಪುರ, ಬಾಗಲಕೋಟೆ ಮಕ್ಕಳೇ ಹೆಚ್ಚು. ಗಂಡುಮಕ್ಕಳಷ್ಟೇ ಅಲ್ಲ, ರೈತ-ಕೂಲಿಗಳ ಹೆಣ್ಣುಮಕ್ಕಳೂ ಪದಕ ತಂದಿದ್ದಾರೆ. ನಮ್ಮ ರಕ್ತದಲ್ಲಿ ಸೈಕಲ್ ಯಾವಾಗ ಬಂದಿತು? ಬಸವಣ್ಣನ ಕಾಲಕ್ಕೆ ಸೈಕಲ್ ಇತ್ತೇ? ಇದ್ದದ್ದು ಇಷ್ಟು: ನೆಲ ಬಯಲು, ಹಾದಿ ನೀಟ, ಮೋಟಾರು ಕೊಳ್ಳಲಾಗದವನ ಗಾಡಿ ಸೈಕಲ್ಲು, ಜಾತ್ರೆಗಳಲ್ಲಿ ಸೈಕಲ್ ಓಟ. ಇವೆಲ್ಲದರ ಮೇಲೆ ವಿಜಯಪುರದಲ್ಲೊಂದು ಸೈಕ್ಲಿಂಗ್ ಕ್ರೀಡಾ ಹಾಸ್ಟೆಲ್ಲು. ಊಟ, ಸೈಕಲ್, ಕಲಿಸುವವರು ಮೂರೂ ಒಂದೇ ಕಡೆ ಕೂಡಿದವು. ಒಮ್ಮೆ ನಾಲ್ವರು ಗೆದ್ದು ಬಂದ ಮೇಲೆ ಹಿಂದಿನವರಿಗೆ ಹಾದಿ ಕಂಡಿತು, 'ನಮ್ಮೂರಾಕಿ ಹೋಗ್ಯಾಳ, ನಾನೂ ಹೋಗ್ತೀನಿ' ಎಂಬ ಧೈರ್ಯ ಬಂತು. ಇಷ್ಟಾದರೂ ಭೂತನಾಳದಲ್ಲಿ ಕಟ್ಟಲು ಹೊರಟ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಮಕ್ಕಳು ಲಾರಿ-ಬಸ್ಸುಗಳ ನಡುವೆ ಹೆದ್ದಾರಿಯಲ್ಲೇ ತಾಲೀಮು ಮಾಡಿ ಗೆದ್ದರು.

ಹಾಗಾದರೆ ಲೆಕ್ಕ ಸ್ಪಷ್ಟವಿದೆ. ಒಂದು ಸಮುದಾಯದಿಂದ ಆಟಗಾರರು ಬರಬೇಕಾದರೆ ಆಡಲು ಬಯಲು ಬೇಕು, ತುಂಬಿದ ಹೊಟ್ಟೆ ಬೇಕು, ಕೂಲಿಯಿಂದ ಬಿಡುವಾದ ಹೊತ್ತು ಬೇಕು, ಗುರುತಿಸುವ ಕಣ್ಣು ಬೇಕು, ಆಡಿದ ಮೇಲೆ ನಾಳೆ ಅನ್ನ ಸಿಗುತ್ತದೆ ಎಂಬ ನಂಬಿಕೆ ಬೇಕು. ಐದರಲ್ಲಿ ಎರಡು ಸಿಕ್ಕರೂ ನಮ್ಮ ಮಕ್ಕಳು ಎದ್ದು ನಿಂತಿದ್ದಾರೆ. ಆದರೆ ಈ ಐದನ್ನೂ ಜಾತಿ ಹಂಚುತ್ತದೆ.

ಬಯಲಿನಿಂದಲೇ ಶುರುಮಾಡೋಣ. ನಮ್ಮ ಸೀಮೆಯ ಹಳೆಯ ಆಟದ ಮನೆ ಗರಡಿ. ಗರಡಿಯಲ್ಲಿ ಹನುಮಪ್ಪನಿದ್ದಾನೆ. ಹನುಮಪ್ಪನಿದ್ದಲ್ಲಿ ಕೇರಿಯ ಹುಡುಗ ಎಲ್ಲಿ ನಿಲ್ಲಬೇಕೆಂದು ಊರು ಮೊದಲೇ ತೀರ್ಮಾನ ಮಾಡಿತ್ತು. ಜಾತ್ರೆಯ ಕುಸ್ತಿ ನೆನಪು ಮಾಡಿಕೊಳ್ಳಿ. ಕಣದೊಳಗೆ ಹಾಲು-ತುಪ್ಪ ಉಂಡ ಮೈ, ಕಣದ ಅಂಚಿನಲ್ಲಿ ಹಲಗೆ ಬಡಿಯುವ ಕೈ. ಪೈಲ್ವಾನನಿಗೆ ಹುರುಪು ಬರುವುದು ಈ ಕೈಯಿಂದ, ಬೆಳ್ಳಿ ಕಡಗ ಹೋಗುವುದು ಆ ಕೈಗೆ. ಹಲಗೆಯವನ ತೋಳಿನಲ್ಲಿ ಶಕ್ತಿ ಇರಲಿಲ್ಲವೇ? ಇತ್ತು, ಅದಕ್ಕೆ ಕಣದೊಳಗೆ ಜಾಗ ಇರಲಿಲ್ಲ. ಕಬಡ್ಡಿಯಲ್ಲಿಯೂ ಅಷ್ಟೇ. ಅದು ಮೈಗೆ ಮೈ ಮುಟ್ಟುವ ಆಟ. ಮುಟ್ಟಬಾರದವನು ಹಿಡಿದರೆ 'ಔಟ್' ಆಗುವವರು ಯಾರು?

ಧಾರವಾಡದಲ್ಲಿ ೧೮೭೬ರಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ಕಥೆ ನಮ್ಮ ಹೈಸ್ಕೂಲು ಪಾಠಗಳಲ್ಲಿ ಬರಬೇಕಿತ್ತು. ಚಮ್ಮಾರ ಜಾತಿಯ ಬಾಳೂ ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಬಯಲು ಗುಡಿಸುವ, ರೋಲರ್ ಎಳೆಯುವ ನೌಕರಿಯಲ್ಲಿದ್ದರು. ಸಾಹೇಬರಿಗೆ ಅಭ್ಯಾಸಕ್ಕೆಂದು ತಾಸುಗಟ್ಟಲೆ ಚೆಂಡು ಎಸೆದು ಎಸೆದು ದೊಡ್ಡ ಬೌಲರ್ ಆದರು. ಬ್ಯಾಟನ್ನು ಮಾತ್ರ ಯಾರೂ ಅವರ ಕೈಗೆ ಕೊಡಲಿಲ್ಲ. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು, ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ೧೯೧೧ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ನಾಯಕತ್ವ ಅವರಿಗೆ ಬರಲಿಲ್ಲ. ತಮ್ಮ ವಿಠಲ ನಾಯಕನಾಗಲು ೧೯೨೩ ಬರಬೇಕಾಯಿತು. ಬಯಲನ್ನು ಗುಡಿಸುವ ಕೆಲಸಕ್ಕೆ ಒಳಗೆ ಬಿಟ್ಟದ್ದರಿಂದ ಒಬ್ಬ ಬಾಳೂ ನಮಗೆ ದಕ್ಕಿದರು. ಗುಡಿಸಲೂ ಒಳಗೆ ಬಿಡದ ಬಯಲುಗಳ ಹೊರಗೆ ಎಷ್ಟು ಬಾಳೂಗಳು ಕಳೆದುಹೋದರೋ!

ಎರಡನೆಯದು ಹೊಟ್ಟೆ. ೨೦೨೧ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರುಮಾಡಿತು. ಮಕ್ಕಳ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳು ಇವು. ಆಗ ಎದ್ದ ಗದ್ದಲ ನಿಮಗೆ ನೆನಪಿದೆ. ಕೆಲವು ಮಠಾಧಿಪತಿಗಳು ಮೊಟ್ಟೆ ಬೇಡವೆಂದು ಬೀದಿಗಿಳಿದರು. ತಿನ್ನದವರಿಗೆ ಬಾಳೆಹಣ್ಣು ಇದೆ ಎಂದರೂ ಕೇಳಲಿಲ್ಲ. ಇನ್ನೊಬ್ಬರ ಮಕ್ಕಳ ತಟ್ಟೆಯಲ್ಲಿರುವ ಮೊಟ್ಟೆ ಯಾರ ಧರ್ಮ ಕೆಡಿಸುತ್ತದೆ? ರೊಟ್ಟಿ, ಖಾರಪುಡಿ ತಿಂದು ಓಡಿ ಎರಡನೇ ಸುತ್ತಿಗೆ ಬವಳಿ ಬಂದು ಬೀಳುವ ಹುಡುಗಿಯನ್ನು ನೋಡಿ 'ಸ್ಟ್ಯಾಮಿನಾ ಇಲ್ರಿ, ಅದು ಜಾತಿಗೇ ಬರಬೇಕು' ಎನ್ನುವವರೂ, ಅವಳ ಮೊಟ್ಟೆಯನ್ನು ತಡೆಯುವವರೂ ಒಂದೇ ಸಾಲಿನಲ್ಲಿ ಕುಳಿತಿದ್ದಾರೆ. 'ಹಸಿವೇ ಬಡವರಿಗೆ ಛಲ ಕೊಡುತ್ತದೆ' ಎಂದು ಪತ್ರಿಕೆಗಳಲ್ಲಿ ಬರೆಯುವವರಿಗೂ ನಾವು ಹೇಳುತ್ತೇವೆ: ಹಸಿವು ಯಾರನ್ನೂ ಆಟಗಾರನನ್ನಾಗಿ ಮಾಡಿಲ್ಲ. ಹಸಿವನ್ನು ದಾಟಿ ಬಂದ ಒಬ್ಬನ ಫೋಟೋ ಅಚ್ಚಾಗುತ್ತದೆ, ದಾಟಲಾರದೆ ಉಳಿದ ಸಾವಿರ ಮಂದಿಯ ಫೋಟೋ ಯಾರೂ ತೆಗೆಯುವುದಿಲ್ಲ.

ಮೂರನೆಯದು ಹೊತ್ತು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ, ಅವನ್ನು ಒಡೆದು ಮಾಡಿದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿಗಳಲ್ಲಿ, ಗುಳೆ ಎಂಬ ಶಬ್ದ ಗೊತ್ತಿಲ್ಲದ ಕೇರಿ ಇಲ್ಲ, ತಾಂಡಾ ಇಲ್ಲ. ಆಲಮಟ್ಟಿ ಅಣೆಕಟ್ಟು ಕಟ್ಟಿದ್ದು ಈ ನೆಲದ ಮೇಲೆಯೇ. ಆದರೂ ಮಳೆಗಾಲ ಮುಗಿಯುತ್ತಲೇ ಜನ ಕೊಲ್ಹಾಪುರ, ಸಾಂಗ್ಲಿ ಕಡೆ ಕಬ್ಬು ಕಡಿಯಲು, ಗೋವಾ, ಮಂಗಳೂರು ಕಡೆ ಕಲ್ಲು-ಸಿಮೆಂಟು ಹೊರಲು ಹೊರಡುತ್ತಾರೆ. ತಾಲ್ಲೂಕಿನಲ್ಲಿ ಗೆದ್ದ ಹುಡುಗನ ಹೆಸರನ್ನು ಮುಂದಿನ ಮಟ್ಟಕ್ಕೆ ಬರೆಯುವ ಹೊತ್ತಿಗೆ ಅವನು ಕಬ್ಬಿನ ಗದ್ದೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತಾನೆ. "ಎಲ್ಲಿ ಹೋದನೋ ಅವ?" "ದುಡಿಯಾಕ ಹೋಗ್ಯಾನ್ರಿ ಸರ." ಅಲ್ಲಿಗೆ ಹಾಜರಿ ಪುಸ್ತಕದಲ್ಲಿ ಒಂದು ಅಡ್ಡಗೆರೆ ಬೀಳುತ್ತದೆ. ಆ ಗೆರೆಯನ್ನು ಮುಂದೆ ಯಾರೋ 'ಆಸಕ್ತಿ ಇಲ್ಲ' ಎಂದು ಓದುತ್ತಾರೆ. ಹೆಣ್ಣುಮಗಳಾದರೆ ಹೊತ್ತು ಇನ್ನೂ ಸಣ್ಣದು. ಸಾಲಿ ಬಿಟ್ಟ ಮೇಲೆ ಕೊಡ, ಒಲಿ, ಕಸ. ಹತ್ತನೆಯದಾಗುವ ಮುಂಚೆ ಮದುವೆಯ ಮಾತು. ವಿಜಯಪುರದ ರಾಜೇಶ್ವರಿ ಗಾಯಕವಾಡ ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಮೇಲೆ ೧೫ ರನ್ನಿಗೆ ೫ ವಿಕೆಟ್ ಕಿತ್ತಾಗ ಇಡೀ ಜಿಲ್ಲೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ತಟ್ಟಿದ ಮನೆಗಳಲ್ಲಿ ಎಷ್ಟು ಮನೆಗಳು ತಮ್ಮ ಮಗಳನ್ನು ಸಂಜೆ ಒಂದು ತಾಸು ಬಯಲಿಗೆ ಬಿಟ್ಟವು?

ನಾಲ್ಕನೆಯದು ಕಣ್ಣು. ಹುಡುಗನನ್ನು ಗುರುತಿಸಬೇಕಾದವರು ನಮ್ಮ ಪಿ.ಟಿ. ಮಾಸ್ತರರು. ಅವರಿಗೆ ಚುನಾವಣೆ, ಜನಗಣತಿ, ಊಟದ ಲೆಕ್ಕ, ಬಾರದ ಮಾಸ್ತರರ ತರಗತಿ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ಬಯಲಿದ್ದರೆ ಅದರಲ್ಲಿ ಜಾಲಿಮುಳ್ಳು, ಇಲ್ಲವೇ ಒತ್ತುವರಿ. ಅದೇ ಜಿಲ್ಲಾ ಕೇಂದ್ರದಲ್ಲಿ ೧೯೬೩ರಲ್ಲಿ ಶುರುವಾದ ಸೈನಿಕ ಶಾಲೆಯಲ್ಲಿ ಎಕರೆಗಟ್ಟಲೆ ಆಟದ ಬಯಲುಗಳಿವೆ. ಇರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆರನೇ ತರಗತಿಗೆ ಅದರೊಳಗೆ ಹೋಗಬೇಕಾದರೆ ಲಿಖಿತ ಪರೀಕ್ಷೆ, ಪರೀಕ್ಷೆಗೆ ಹಣ ಕೊಟ್ಟು ಕೋಚಿಂಗು. ಒಂದೇ ಜಿಲ್ಲೆಯ ಒಂದೇ ಕರಿಮಣ್ಣಿನ ಮೇಲೆ ಒಂದು ಮಗುವಿಗೆ ಹುಲ್ಲಿನ ಬಯಲು, ಇನ್ನೊಂದಕ್ಕೆ ಜಾಲಿಮುಳ್ಳು. ಆಮೇಲೆ ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದಿ 'ಪ್ರತಿಭೆ ಇದ್ದವ ಗೆಲ್ಲಲಿ' ಎನ್ನುವುದಕ್ಕೆ ಸ್ಪರ್ಧೆ ಎಂದು ಹೆಸರು.

ಐದನೆಯದಾದ ನಾಳೆಯ ಅನ್ನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೌತಮಪುರದ ಕಾರ್ಖಾನೆ ತಂಡಗಳ ಗತಿಯೂ, ಕೂಲಿಗೆ ಮರಳಿದ ಸಿದ್ದಿ ಮಕ್ಕಳ ಗತಿಯೂ ಅದನ್ನು ಹೇಳಿವೆ.

ಈ ದೇಶ ತನ್ನ ಮನಸ್ಸನ್ನು ತಾನು ಕೊಡುವ ಬಿರುದುಗಳಲ್ಲೇ ಬಯಲುಮಾಡಿಕೊಂಡಿದೆ. ೧೯೬೧ರಿಂದ ಒಳ್ಳೆಯ ಆಟಗಾರನಿಗೆ ಕೊಡುವುದು ಅರ್ಜುನ ಪ್ರಶಸ್ತಿ. ೧೯೮೫ರಿಂದ ಒಳ್ಳೆಯ ತರಬೇತುದಾರನಿಗೆ ಕೊಡುವುದು ದ್ರೋಣಾಚಾರ್ಯ ಪ್ರಶಸ್ತಿ. ನಮ್ಮ ರಾಜ್ಯ ತನ್ನ ಆಟಗಾರರಿಗೆ ಏಕಲವ್ಯ ಪ್ರಶಸ್ತಿ ಕೊಡುತ್ತದೆ. ಒಂದೇ ಕಥೆಯ ಮೂವರನ್ನೂ ಹೀಗೆ ಪಕ್ಕಪಕ್ಕ ಕೂರಿಸಿದವರಿಗೆ ಆ ಕ್ರೌರ್ಯ ಕಾಣಲಿಲ್ಲವೇ? ಕಲಿಸದೆ ಹೋದವನು, ತಾನೇ ಕಲಿತವನ ಹೆಬ್ಬೆರಳನ್ನು ಕೇಳಿ ಪಡೆದವನು ಆದರ್ಶ ಗುರುವಾದದ್ದು ಯಾವ ನ್ಯಾಯದಿಂದ? ಕುವೆಂಪು 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಈ ಪ್ರಶ್ನೆಯನ್ನು ಎಂದೋ ಎತ್ತಿದರು. ಏಕಲವ್ಯನ ಕಥೆ ರಕ್ತದ ಮಾತನ್ನು ಬುಡಸಮೇತ ಅಲುಗಾಡಿಸುತ್ತದೆ. ಬೇಡರ ಹುಡುಗ ಅರ್ಜುನನನ್ನು ಮೀರಿದ. ಹುಟ್ಟಿನಲ್ಲಿ ಇಲ್ಲದ್ದು ಅಭ್ಯಾಸದಿಂದ ಬಂತು. ಬಂದದ್ದನ್ನು ತಡೆಯಲು ಹೆಬ್ಬೆರಳೇ ಬೇಕಾಯಿತು. ಇವತ್ತು ಯಾರೂ ಹೆಬ್ಬೆರಳು ಕೇಳುವುದಿಲ್ಲ. ಬಯಲು ಕೊಡುವುದಿಲ್ಲ, ಮೊಟ್ಟೆ ಕೊಡುವುದಿಲ್ಲ, ಮಾಸ್ತರರನ್ನು ಕೊಡುವುದಿಲ್ಲ. ಅಷ್ಟರಲ್ಲೇ ಕೆಲಸ ಮುಗಿಯುತ್ತದೆ, ರಕ್ತವೂ ಸುರಿಯುವುದಿಲ್ಲ.

ಆದ್ದರಿಂದ ಗೆಳೆಯರೇ, ನಮ್ಮ ಮುಂದಿರುವ ಕೆಲಸ ಪ್ರತಿಭೆಯನ್ನು ಹುಡುಕುವುದಲ್ಲ, ಅದನ್ನು ತಡೆದಿರುವ ಗೋಡೆಗಳನ್ನು ಎಣಿಸುವುದು. ಹಳ್ಳಿಯ ಮಾಸ್ತರರು ಇದನ್ನು ನಾಳೆಯೇ ಶುರುಮಾಡಬಹುದು. ತಾಲ್ಲೂಕು ಕೂಟಕ್ಕೆ ಹೋದ ಮಕ್ಕಳ ಪಟ್ಟಿ ಹಿಡಿದು, ಯಾವ ಕೇರಿಯಿಂದ, ಯಾವ ತಾಂಡಾದಿಂದ ಒಬ್ಬರೂ ಇಲ್ಲವೆಂದು ಬರೆದಿಡಿ. ಗೆದ್ದು ಮುಂದಿನ ಕೂಟಕ್ಕೆ ಹೋಗದವರು ಯಾರು, ಯಾಕೆ ಹೋಗಲಿಲ್ಲವೆಂದು ಬರೆದಿಡಿ. ಆ ಕಾಗದ ಹಿಡಿದು ಪಂಚಾಯತಿಗೆ ಹೋಗಿ ಶಾಲಾ ಬಯಲಿನ ಒತ್ತುವರಿ ತೆಗೆಸಿ ಎಂದು ಕೇಳೋಣ. ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಹಾಸ್ಟೆಲ್ ಕೊಡಿ, ಅದು ಹತ್ತನೆಯವರೆಗೂ ಇರಲಿ ಎಂದು ಕೇಳೋಣ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ನಮ್ಮ ಮಕ್ಕಳು ವರ್ಷವಿಡೀ ಒಂದೇ ಕಡೆ ಉಂಡು ಮಲಗುತ್ತಾರೆ. ಅಲ್ಲಿ ಒಂದೊಂದು ಬಯಲು, ಒಬ್ಬೊಬ್ಬ ಕಲಿಸುವವರು, ಹತ್ತು ಚೆಂಡು ಕೊಟ್ಟರೆ ಸಾಕು. ಸೈಕಲ್ಲಿನಲ್ಲಿ ಆದದ್ದು ಫುಟ್‌ಬಾಲಿನಲ್ಲಿ ಯಾಕಾಗದು?

ಇದು ದಾನದ ಮಾತಲ್ಲ, ಪಾಲಿನ ಮಾತು. ಕೆರೆಯ ನೀರಿಗೆ ಮಹಾಡದಲ್ಲಿ ೧೯೨೭ರಲ್ಲಿ ಬಾಬಾಸಾಹೇಬರು ಹೇಗೆ ನಡೆದು ಹೋದರೋ, ಊರ ಬಯಲಿಗೂ ನಾವು ಹಾಗೆಯೇ ನಡೆದು ಹೋಗಬೇಕಾಗಿದೆ, ಚೆಂಡು ಹಿಡಿದುಕೊಂಡು, ಹುಡುಗಿಯರನ್ನು ಮುಂದೆ ಬಿಟ್ಟುಕೊಂಡು.